ಹಲ್ಲುನೋವು: ಮೊದಲು ನೋಯುವ ಹಲ್ಲು ಯಾವುದೆಂದು ಗೊತ್ತಾಗಬೇಕು

ಕುರ್ಚಿಯಲ್ಲಿ ಕೂತವರು ಬೆರಳಿಟ್ಟು ತೋರಿಸಿದ ಹಲ್ಲನ್ನೇ ನಾನು ಕೊರೆಯಲು ಹೋಗುವುದಿಲ್ಲ. ಹಲ್ಲಿನೊಳಗಿನ ನರಕ್ಕೆ ಬಾವು ಬಂದಾಗ ನೋವು ಎಲ್ಲಿಂದ ಏಳುತ್ತಿದೆ ಎಂಬುದು ಅನುಭವಿಸುವವರಿಗೇ ತಿಳಿಯುವುದಿಲ್ಲ. ಕೆಳಗಿನ ದವಡೆ ಹಲ್ಲಿನ ನೋವು ಕಿವಿಗೆ ಹೊಡೆಯುತ್ತದೆ, ಮೇಲಿನದ್ದು ಕೆಳಗಿನ ಹಲ್ಲಿನದೇ ಅನ್ನಿಸುತ್ತದೆ. ಎಡವೋ ಬಲವೋ ಎಂಬುದು ಮಾತ್ರ ಸಾಮಾನ್ಯವಾಗಿ ತಪ್ಪುವುದಿಲ್ಲ.

ಮೊದಲು ಮೂರು ವಿಷಯ ಕೇಳುತ್ತೇನೆ. ತಣ್ಣೀರು ಕುಡಿದಾಗ ಜುಂ ಅಂದದ್ದು ಎಷ್ಟು ಹೊತ್ತು ಉಳಿಯುತ್ತದೆ? ಮಲಗಿದ ಮೇಲೆ ಜಾಸ್ತಿಯಾಗುತ್ತದೆಯೇ? ಅಗಿದರೆ ನೋಯುತ್ತದೆಯೇ? ಚುರುಕ್ ಅಂದು ಎರಡು ಮೂರು ಸೆಕೆಂಡಿಗೆ ಹೋಗಿಬಿಟ್ಟರೆ ನರ ಇನ್ನೂ ಉಳಿಯುವ ಸ್ಥಿತಿಯಲ್ಲಿದೆ; ಹುಳುಕು ತೆಗೆದು ಸಿಮೆಂಟು ತುಂಬಿದರೆ ಸಾಕಾಗುತ್ತದೆ. ಅರ್ಧ ನಿಮಿಷ ದಾಟಿಯೂ ಸಿಡಿಯುತ್ತಿದ್ದರೆ, ಬಿಸಿ ಕಾಫಿಗೆ ನೋವೆದ್ದು ತಣ್ಣೀರು ಬಾಯಲ್ಲಿಟ್ಟುಕೊಂಡಾಗಷ್ಟೇ ಶಮನವಾಗುತ್ತಿದ್ದರೆ, ಆ ನರ ಚೇತರಿಸಿಕೊಳ್ಳುವುದಿಲ್ಲ. ನರ ಇರುವ ಕೋಣೆಯ ಗೋಡೆ ಗಟ್ಟಿ, ಬಾವು ಹಿಗ್ಗಲು ಜಾಗವಿಲ್ಲ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಏರಿ ರಾತ್ರಿ ನಿದ್ದೆ ಕೆಡುತ್ತದೆ. ಆ ರಾತ್ರಿಗೆ ಎರಡು ದಿಂಬು ಇಟ್ಟುಕೊಂಡು ಮಲಗಿ ಎನ್ನುವುದು ಇದಕ್ಕೇ.

ಆಮೇಲೆ ಮಂಜುಗಡ್ಡೆ ಪರೀಕ್ಷೆ. ಇಂಜೆಕ್ಷನ್ ಸೂಜಿಯ ಹೊಸ ಪ್ಲಾಸ್ಟಿಕ್ ಮುಚ್ಚಳಕ್ಕೆ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಪೆನ್ಸಿಲ್‌ನಷ್ಟು ಸಣ್ಣ ಮಂಜಿನ ಕಡ್ಡಿ ಸಿಗುತ್ತದೆ. ಹಲ್ಲನ್ನು ಹತ್ತಿಯಿಂದ ಒರೆಸಿ, ಮೊದಲು ನೋವಿಲ್ಲದ ಹಲ್ಲಿಗೆ ಇಟ್ಟು ಅದು ಹೇಗೆ ಸ್ಪಂದಿಸುತ್ತದೆ ಎಂದು ನೋಡಿಕೊಳ್ಳುತ್ತೇನೆ. ನಂತರ ಕೊನೆಯ ಹಲ್ಲಿನಿಂದ ಮುಂದಕ್ಕೆ ಬರುತ್ತೇನೆ. ಮುಂದಿನಿಂದ ಶುರುಮಾಡಿದರೆ ಕರಗಿದ ನೀರು ಹಿಂದಕ್ಕೆ ಹರಿದು ಇನ್ನೂ ಪರೀಕ್ಷಿಸದ ಹಲ್ಲನ್ನು ಕೆಣಕುತ್ತದೆ, ತಪ್ಪು ಉತ್ತರ ಬರುತ್ತದೆ. ಬಾಯಿಕನ್ನಡಿಯ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಂದೇ ಹಲ್ಲು ನೋಯುತ್ತದೆ, 'ಎದ್ದು ಬಂದ ಹಾಗಿದೆ' ಎನ್ನುತ್ತಾರೆ ಎಂದರೆ ಸೋಂಕು ಬೇರಿನ ತುದಿ ದಾಟಿದೆ.

ಕಚ್ಚಿದಾಗ ಸುಮ್ಮನಿದ್ದು, ಕಚ್ಚಿದ್ದು ಬಿಟ್ಟ ಕ್ಷಣ ಚುಳುಕ್ ಅಂದರೆ ಹಲ್ಲಿನ ಬಿರುಕನ್ನು ಅನುಮಾನಿಸುತ್ತೇನೆ. ವರ್ಷಗಟ್ಟಲೆ ಗಟ್ಟಿ ಅಡಿಕೆ ಅಗಿದವರಲ್ಲಿ ದವಡೆ ಹಲ್ಲು ಸವೆದು ಚಪ್ಪಟೆಯಾಗಿರುತ್ತದೆ. ಅಂಥ ಹಲ್ಲಿನಲ್ಲಿ ಒಂದೇ ಒಂದು ಹುಳುಕಿಲ್ಲದೆಯೂ ಬಿರುಕು ಇರಬಹುದು. ಎಕ್ಸ್‌ರೇಯಲ್ಲಿ ಅದು ಬಹುಪಾಲು ಕಾಣುವುದೇ ಇಲ್ಲ. ಮರದ ಕಡ್ಡಿಯನ್ನು ಹಲ್ಲಿನ ಒಂದೊಂದು ಮೊನೆಯ ಮೇಲೂ ಇಟ್ಟು ಕಚ್ಚಿಸಿ ನೋಡಬೇಕು.

ಕೆಲವೊಮ್ಮೆ ಹಲ್ಲಿನದು ತಪ್ಪೇ ಇರುವುದಿಲ್ಲ. ನೆಗಡಿಯ ನಂತರ ಮೇಲಿನ ದವಡೆ ಹಲ್ಲುಗಳು ಒಟ್ಟಿಗೆ ನೋಯುತ್ತಾ ಬಗ್ಗಿದಾಗ ಹೆಚ್ಚಾದರೆ ಸೈನಸ್ ನೋಡಬೇಕು. ಮುಖ ತೊಳೆಯುವಾಗ ಕರೆಂಟು ಹೊಡೆದಂತಾದರೆ ಅದು ಮುಖದ ನರದ ಕಾಯಿಲೆಯಿರಬಹುದು. ಅದಕ್ಕೆ ಒಳ್ಳೆಯ ಹಲ್ಲು ಕಿತ್ತರೂ ನೋವು ಹೋಗದು. ಮೆಟ್ಟಿಲು ಹತ್ತುವಾಗ ದವಡೆ ಹಿಡಿದು, ಕೂತರೆ ಬಿಡುತ್ತಿದ್ದರೆ ನಾನು ಬಾಯಿಗೆ ಕೈಹಾಕದೆ, ಹೃದಯದ ನೋವಿರಬಹುದೆಂದು ಇಸಿಜಿಗೆ ಕಳಿಸುತ್ತೇನೆ.

ರೂಟ್ ಕೆನಾಲ್, ಅಂದರೆ ಹಲ್ಲಿನೊಳಗಿನ ನರ ತೆಗೆದು ಆ ಜಾಗ ತುಂಬುವ ಚಿಕಿತ್ಸೆ, ನಿರ್ಧಾರವಾದ ಮೇಲೆ ತೊಡಕು ಮರಗಟ್ಟಿಸುವುದರಲ್ಲೇ. 2% ಲಿಗ್ನೊಕೇನ್ ಕೊಟ್ಟು ತುಟಿ ಪೂರ್ತಿ ಮರಗಟ್ಟಿದರೂ ಬಾವು ಬಂದ ಕೆಳದವಡೆ ಹಲ್ಲಿಗೆ ಕೊರೆಯುವ ಬರ್ ತಾಗಿದರೆ ರೋಗಿ ಬೆಚ್ಚುತ್ತಾರೆ. 'ತುಟಿ ಮರಗಟ್ಟಿದೆಯಲ್ಲ' ಎಂದು ಮುಂದುವರಿಯಬಾರದು. ಮತ್ತೆ ಮಂಜು ಮುಟ್ಟಿಸಿ ನೋಡಿ, ಬೇಕಾದರೆ ಹಲ್ಲು ಮತ್ತು ಮೂಳೆಯ ನಡುವಿನ ತಂತುವಿಗೂ ಸ್ವಲ್ಪ ಔಷಧಿ ಹಾಕಬೇಕು. ರಬ್ಬರ್ ಡ್ಯಾಮ್ (ಆ ಹಲ್ಲನ್ನಷ್ಟೇ ಹೊರಗುಳಿಸುವ ರಬ್ಬರ್ ಹಾಳೆ) ಕಟ್ಟಿದ ಮೇಲೆಯೇ ಫೈಲು, ಅಂದರೆ ಬೇರಿನೊಳಗೆ ಉಜ್ಜುವ ಸಣ್ಣ ಅರ. 10ನೇ ನಂಬರಿನ ಫೈಲಿನಿಂದ ಉದ್ದ ಅಳೆದು, ಎಕ್ಸ್‌ರೇಯಲ್ಲಿ ಕಾಣುವ ಬೇರಿನ ತುದಿಗಿಂತ 0.5ರಿಂದ 1 ಮಿ.ಮೀ. ಹಿಂದೆ ನಿಲ್ಲುತ್ತೇನೆ. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ನರವಿರುವ ಮೂರು ಕಾಲುವೆ ಸಿಕ್ಕಿತೆಂದು ನಿಲ್ಲಿಸಿದರೆ ಎಷ್ಟೋ ಸಲ ನಾಲ್ಕನೆಯದು ಉಳಿದು, ತಿಂಗಳುಗಳ ಮೇಲೆ ಅದೇ ನೋವು ಮರಳುತ್ತದೆ. ಒಳಗಿನಿಂದ ಬರುವ ನರ ತೆಳುಗುಲಾಬಿ ದಾರದಂತಿರುತ್ತದೆ. ಹಲ್ಲಿನಲ್ಲಿ 'ಹುಳ' ಇರುತ್ತದೆಂದು ನಂಬಿದವರಿಗೆ ಅದನ್ನೇ ತೋರಿಸುತ್ತೇನೆ. ಕ್ರಿಮಿನಾಶಕ ದ್ರವವಾದ 3% ಹೈಪೋಕ್ಲೋರೈಟಿನಿಂದ ತೊಳೆಯುವಾಗ ಸೂಜಿ ಕಾಲುವೆಯಲ್ಲಿ ಸಡಿಲವಾಗಿರಬೇಕು. ಸಿಕ್ಕಿಕೊಂಡಾಗ ಒತ್ತಿದರೆ ದ್ರವ ಬೇರಿನಾಚೆ ಹೋಗಿ, ನಿಮಿಷಗಳಲ್ಲೇ ಕೆನ್ನೆ ಊದಿ ಉರಿಯೇಳುತ್ತದೆ. ದವಡೆ ಹಲ್ಲಿಗೆ ಆಮೇಲೆ ಕ್ಯಾಪ್ ಹಾಕಿಸದೆ ಬಿಟ್ಟರೆ ಅದು ಸೀಳುವ ಸಂಭವ ಹೆಚ್ಚು. ಬೇರಿನವರೆಗೆ ಸೀಳಿದ ಹಲ್ಲನ್ನು ಕೀಳುವುದೊಂದೇ ದಾರಿ.

ಮನೆಯಲ್ಲಿ ಆ ರಾತ್ರಿಗೆ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ ಯಾವುದೂ ಇಲ್ಲದ ವಯಸ್ಕರಿಗೆ ಊಟದ ನಂತರ 400 ಮಿ.ಗ್ರಾಂ. ಐಬುಪ್ರೊಫೆನ್, ಜೊತೆಗೆ 500 ಮಿ.ಗ್ರಾಂ. ಪ್ಯಾರಸಿಟಮಾಲ್ ಒಳ್ಳೆಯ ಜೋಡಿ. ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟಬಾರದು. ಲವಂಗದೆಣ್ಣೆಯನ್ನು ಹತ್ತಿಗೆ ಒಂದು ಹನಿ ಹಾಕಿ ಕುಳಿಯೊಳಗಷ್ಟೇ ಇಡಬೇಕು, ಒಸಡಿಗೆ ಸುರಿದರೆ ಸುಡುತ್ತದೆ. ಮಾತ್ರೆಯನ್ನೇ ಒಸಡಿಗೆ ಒತ್ತಿಟ್ಟುಕೊಂಡರಂತೂ ಅಲ್ಲಿ ಬೆಳ್ಳಗೆ ಸುಟ್ಟ ಗಾಯವಾಗುತ್ತದೆ. ನೋವು ತಡೆಯಲು ಕಡ್ಡಿಪುಡಿ ಒತ್ತಿಕೊಳ್ಳುವುದನ್ನು ದಯವಿಟ್ಟು ಬಿಡಿ. ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್ ನರದ ಬಾವಿನ ನೋವನ್ನು ಇಳಿಸುವುದಿಲ್ಲ. ಜ್ವರ ಬಂದರೆ, ಊತ ಹಬ್ಬುತ್ತಿದ್ದರೆ ಕೊಡುತ್ತೇವೆ, ಆಗಲೂ ಕೀವು ತೆಗೆದೇ ತೀರಬೇಕು.

ವಾರ ಕಾಡಿದ ನೋವು ಚಿಕಿತ್ಸೆಯಿಲ್ಲದೆ ಒಮ್ಮೆಗೇ ನಿಂತರೆ ನರ ಸತ್ತಿರುವುದೇ ಹೆಚ್ಚು. ಬೇರಿನ ತುದಿಯಲ್ಲಿ ಕೀವು ಆಮೇಲೆ ಸದ್ದಿಲ್ಲದೆ ಕೂಡುತ್ತದೆ. ದವಡೆಯ ಕೆಳಗೆ ಊದಿ, ಬಾಯಿ ಎರಡು ಬೆರಳಗಲವೂ ತೆರೆಯದೆ, ಎಂಜಲು ನುಂಗಲು ಕಷ್ಟವಾದರೆ ಬೆಳಗಿನವರೆಗೆ ಕಾಯಬೇಡಿ. ಅದು ಉಸಿರಿನ ದಾರಿಯನ್ನೇ ಒತ್ತಬಲ್ಲ ಬಾವು. ಹಲ್ಲಿನ ಕ್ಲಿನಿಕ್ಕಿಗಲ್ಲ, ತುರ್ತು ಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಆ ರಾತ್ರಿಯೇ ಹೋಗಿ.