ಮೀಟರ್ ಸುಳ್ಳು ಹೇಳಿದಾಗ ಆಪರೇಟರ್ ಎಲ್ಲಿ ನೋಡುತ್ತಾರೆ? ವಿಆರ್‌ನಲ್ಲಿ ನನ್ನ ಅನುಭವ

ಕಾರ್ಖಾನೆ ಅಪಘಾತಗಳ ಬಗ್ಗೆ 'ಆಪರೇಟರ್ ತಪ್ಪು' ಅನ್ನುವ ತೀರ್ಪು ಕೇಳಿದಾಗಲೆಲ್ಲ ನನಗೆ ಹುಟ್ಟುವ ಪ್ರಶ್ನೆ ಒಂದೇ. ಆ ಹೊತ್ತಿನಲ್ಲಿ ಅವರ ಕಣ್ಣಿಗೆ ಏನು ಕಾಣುತ್ತಿತ್ತು? ಅಪಘಾತ ಆದ ಮೇಲೆ ಕೇಳಿದರೆ ಸರಿಯಾದ ಉತ್ತರ ಸಿಗುವುದು ಕಷ್ಟ. ಕೊನೆಗೆ ಏನಾಯಿತು ಅಂತ ಗೊತ್ತಾದ ಮೇಲೆ ನೆನಪೂ ಬದಲಾಗುತ್ತದೆ. ಅದಕ್ಕೇ ನಾವು ವಿಆರ್‌ನಲ್ಲಿ, ಅಂದರೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ಕೃತಕ ಲೋಕದಲ್ಲಿ, ಒಂದು ಕಂಟ್ರೋಲ್ ರೂಮ್ ಕಟ್ಟಿದೆವು.

ಸನ್ನಿವೇಶಕ್ಕೆ ನಾನು ಆರಿಸಿಕೊಂಡದ್ದು ಅಮೆರಿಕದ ಟೆಕ್ಸಾಸ್ ಸಿಟಿ ರಿಫೈನರಿಯ ಸ್ಫೋಟ. 2005ರ ಮಾರ್ಚ್ 23ರಂದು ಅಲ್ಲಿ 15 ಜನ ಸತ್ತರು, 180 ಜನ ಗಾಯಗೊಂಡರು. ಘಟಕವನ್ನು ಶುರು ಮಾಡುವಾಗ ಸುಮಾರು 170 ಅಡಿಯ ಟವರ್‌ಗೆ ಮೂರು ಗಂಟೆಗೂ ಜಾಸ್ತಿ ಹೊತ್ತು ದ್ರವ ಹೋಗುತ್ತಲೇ ಇತ್ತು, ಹೊರಗೆ ಬರುತ್ತಿರಲಿಲ್ಲ. ಲೆವೆಲ್ ಟ್ರಾನ್ಸ್‌ಮಿಟರ್ (ದ್ರವದ ಮಟ್ಟ ತಿಳಿಸುವ ಮೀಟರ್) ಅಳೆಯುತ್ತಿದ್ದದ್ದು ತಳದ ಕೆಲವೇ ಅಡಿಗಳನ್ನು. ದ್ರವ ಬಿಸಿಯಾಗಿ ಹಗುರಾದಂತೆ ಅದರ ರೀಡಿಂಗ್ ಇಳಿಯಿತು. ಟವರ್‌ನಲ್ಲಿ ದ್ರವ 158 ಅಡಿಗೆ ಏರಿದ್ದಾಗ ಸ್ಕ್ರೀನ್ ಮೇಲೆ ಇದ್ದದ್ದು ಆ ಕೆಲವೇ ಅಡಿಗಳ ಶೇ. 78. ಒಳಹರಿವು ಒಂದು ಸ್ಕ್ರೀನಿನಲ್ಲಿ, ಹೊರಹರಿವು ಇನ್ನೊಂದರಲ್ಲಿ. ಇಂಥ ಕಡೆ ಕೂತವರನ್ನು ಸುಮ್ನೆ ದೂರಿದರೆ ಆಯಿತೇ?

ರೂಮನ್ನು ಯೂನಿಟಿ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಿದೆವು. ಹೆಡ್‌ಸೆಟ್‌ಗೆ ಕಣ್ಣಿನ ಚಲನೆ ಗುರುತಿಸುವ ಸೌಲಭ್ಯ ಇರಲೇಬೇಕು, ಅದಿಲ್ಲದೆ ಈ ಕೆಲಸಕ್ಕೆ ಅರ್ಥವಿಲ್ಲ. ತೊಡಕಾದದ್ದು ಅಕ್ಷರ. ಡಿಸಿಎಸ್ (ಘಟಕವನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಸ್ಕ್ರೀನಿನ ಸಣ್ಣ ಅಂಕಿಗಳು ಹೆಡ್‌ಸೆಟ್‌ನಲ್ಲಿ ಮಸುಕಾಗುತ್ತವೆ. ಬೇಕಾದ ಅಂಕಿಯನ್ನಷ್ಟೇ ದೊಡ್ಡದು ಮಾಡಿದರೆ ನಾವೇ ಉತ್ತರ ಹೇಳಿಕೊಟ್ಟಂತೆ, ಅಲ್ವಾ? ಹಾಗಾಗಿ ಮಾನಿಟರನ್ನೇ ಹತ್ತಿರ ತಂದೆವು. ಮೇಜು, ಮೌಸ್, ಕೀಬೋರ್ಡ್ ನಿಜವಾದವು, ವಿಆರ್‌ನಲ್ಲಿ ಕಾಣುವ ಜಾಗದಲ್ಲೇ ಇಟ್ಟೆವು.

ಆದರೆ ನಾನು ಹೆಚ್ಚು ತಲೆ ಕೆಡಿಸಿಕೊಂಡದ್ದು ಮಾತಿನ ಬಗ್ಗೆ. ಕಂಟ್ರೋಲ್ ರೂಮ್‌ನಲ್ಲಿ ಯಾರೂ ಒಬ್ಬರೇ ನಿರ್ಧಾರ ಮಾಡುವುದಿಲ್ಲ. ಪಕ್ಕದ ಕೋಣೆಯಿಂದ ಒಬ್ಬ ಸಹೋದ್ಯೋಗಿ ವಾಕಿಟಾಕಿಯಲ್ಲಿ ಫೀಲ್ಡ್ ಆಪರೇಟರ್ (ಹೊರಗೆ ಘಟಕದ ಹತ್ತಿರ ಇರುವವರು) ಆಗುತ್ತಿದ್ದರು: 'ಸರ್, ಕೆಳಗೆ ಎಲ್ಲಾ ನಾರ್ಮಲ್.' ಮಧ್ಯೆ ಶಿಫ್ಟ್ ಇನ್‌ಚಾರ್ಜ್ ಫೋನ್: 'ಏನ್ರೀ, ಇನ್ನೂ ಲೈನ್‌ಅಪ್ ಆಗಿಲ್ವಾ?' (ಲೈನ್‌ಅಪ್ ಅಂದರೆ ದ್ರವ ಹೋಗುವ ದಾರಿಯ ವಾಲ್ವ್‌ಗಳನ್ನು ಸರಿಹೊಂದಿಸುವುದು.) ಕೂತವರು ಕಾರ್ಖಾನೆಗಳಲ್ಲಿ ಪಳಗಿದ ಪ್ಯಾನೆಲ್ ಆಪರೇಟರ್‌ಗಳು. ಆ ಫೋನ್ ಬಂದ ಮೇಲೆ ಅವರ ನೋಟ ಅಲಾರಾಂ ಪಟ್ಟಿಗೆ ಅಂಟಿಕೊಳ್ಳುತ್ತಿತ್ತು. ಉಳಿದ ಸ್ಕ್ರೀನ್‌ಗಳ ಕಡೆ ತಿರುಗುವುದೇ ಕಡಿಮೆ.

ನಡುವೆ ಸ್ಕ್ರೀನ್‌ಗಳನ್ನೆಲ್ಲ ಆರಿಸಿ ಕೇಳುತ್ತಿದ್ದೆವು: 'ಟವರ್‌ನಲ್ಲಿ ಈಗ ಎಷ್ಟಿದೆ? ಹೊರಗೆ ಎಷ್ಟು ಹೋಗ್ತಿದೆ?' ಸುತ್ತಲಿನ ಸ್ಥಿತಿ ಎಷ್ಟು ಅರಿವಿನಲ್ಲಿದೆ ಅಂತ ಅಳೆಯಲು ಸಂಶೋಧಕಿ ಮೀಕಾ ಎಂಡ್ಸ್ಲಿ ರೂಪಿಸಿದ ವಿಧಾನ ಇದು. ಮುಗಿದ ಮೇಲೆ ಅವರದೇ ನೋಟದ ಚುಕ್ಕೆಯನ್ನು ರೆಕಾರ್ಡಿಂಗ್ ಮೇಲೆ ತೋರಿಸಿ ಮಾತಾಡಿಸುತ್ತಿದ್ದೆವು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲೇ. ಹೊರಹರಿವು ಸೊನ್ನೆ ಎಂಬ ಅಂಕಿಯ ಮೇಲೆ ಹಲವರ ಕಣ್ಣು ಬಿದ್ದಿತ್ತು. ಕೇಳಿದರೆ 'ಲೆವೆಲ್ ಇಳೀತಿತ್ತಲ್ಲ, ಅಂದ್ರೆ ಹೋಗ್ತಿದೆ ಅಂದ್ಕೊಂಡೆ' ಎನ್ನುತ್ತಿದ್ದರು. ಬರೀ ಯಾವ ಬಟನ್ ಒತ್ತಿದರು ಅಂತ ದಾಖಲಿಸಿದ್ದರೆ ಇದು ಎಂದೂ ಸಿಗುತ್ತಿರಲಿಲ್ಲ. ಒಬ್ಬ ಹಿರಿಯರು ಮಾತ್ರ ಒಳಗೆ ಹೋದದ್ದನ್ನು ಕಾಗದದ ಮೇಲೆ ಲೆಕ್ಕ ಹಾಕಿ, ಸೈಟ್ ಗ್ಲಾಸ್ (ಒಳಗಿನ ದ್ರವದ ಮಟ್ಟ ಕಣ್ಣಿಗೆ ಕಾಣುವ ಗಾಜು) ನೋಡಿ ಬರಲು ಫೀಲ್ಡ್‌ಗೆ ಹೇಳಿದರು. ಟೆಕ್ಸಾಸ್ ಸಿಟಿಯಲ್ಲಿ ಆ ಗಾಜು ಕಪ್ಪು ಮಡ್ಡಿ ಕಟ್ಟಿ ವರ್ಷಗಳಿಂದ ಕೆಲಸಕ್ಕೆ ಬಾರದಂತಿತ್ತು.

ವಿಆರ್‌ಗೆ ನಿಲುಕದ್ದು ದಣಿವು. ಟೆಕ್ಸಾಸ್ ಸಿಟಿಯ ಆಪರೇಟರ್‌ಗಳು 12 ಗಂಟೆಯ ಪಾಳಿಯಲ್ಲಿ 29 ದಿನ ಅಥವಾ ಇನ್ನೂ ಜಾಸ್ತಿ ಬಿಡುವಿಲ್ಲದೆ ದುಡಿದಿದ್ದರು. ಅರ್ಧ ಗಂಟೆ ದಾಟಿದರೆ ಕೆಲವರಿಗೆ ಹೆಡ್‌ಸೆಟ್ ತಲೆಸುತ್ತು ತರುತ್ತದೆ. ಮೂರು ಗಂಟೆಯ ಕಥೆಯನ್ನು ನಾವು ಕುಗ್ಗಿಸಲೇಬೇಕಾಯಿತು.

ಮುಂದಿನ ಸುತ್ತಿಗೆ ಒಂದೇ ಬದಲಾವಣೆ ಮಾಡಿ ಹೊಸಬರನ್ನು ಕೂರಿಸಿದೆವು: ಎರಡೂ ಹರಿವು ಒಂದೇ ಟ್ರೆಂಡಿನಲ್ಲಿ, ಅಂದರೆ ಹೊತ್ತಿನ ಜೊತೆ ಬದಲಾವಣೆ ತೋರಿಸುವ ಒಂದೇ ಗ್ರಾಫಿನಲ್ಲಿ. 'ಔಟ್‌ಲೆಟ್ ಯಾಕೆ ಸೊನ್ನೆ?' ಎಂಬ ಪ್ರಶ್ನೆ ವಾಕಿಟಾಕಿಯಲ್ಲಿ ಮೊದಲಿಗಿಂತ ಬೇಗ ಬರತೊಡಗಿತು. ಇನ್‌ಚಾರ್ಜ್ ಫೋನ್ ಇನ್ನೂ ಬೇಗ ಬಂದರೆ ಆ ಪ್ರಶ್ನೆ ಉಳಿಯುತ್ತದೆಯೇ ಅಂತ ಈಗ ನೋಡುತ್ತಿದ್ದೇವೆ.