ಜೋಗಿಮಟ್ಟಿ ಗಾಳಿಗೆ ಅಲುಗಾಡಿದ ಫೋಟೊಗಳು

ಭಾನುವಾರ ವಿದ್ಯಾರ್ಥಿಗಳ ಜೊತೆ ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡ ಹತ್ತಿದ್ದೆ. ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನ ಸುಮ್ಮನೆ ನಿಲ್ಲಿಸಿಲ್ಲ ನೋಡಿ, ಆ ಗಾಳಿ ಅಷ್ಟಿಷ್ಟಲ್ಲ. ಟ್ರೈಪಾಡ್ ಇಟ್ಟು, ಶಟರ್ ಅರ್ಧ ಸೆಕೆಂಡ್ ತೆರೆದಿಟ್ಟು ಮೋಡದ ಫೋಟೊ ತೆಗೆದೆ. ಪುಟ್ಟ ಪರದೇಲಿ ಚೆನ್ನಾಗೇ ಇತ್ತು. ಹಿಗ್ಗಿಸಿದರೆ ಅಲುಗಾಡದ ಬಂಡೆಗೂ ಎರಡೆರಡು ಅಂಚು!

ಪಾಪ, ಮೊದಲು ಲೆನ್ಸನ್ನೇ ಬೈದೆ. ಆಮೇಲೆ ನೋಡಿದರೆ ಟ್ರೈಪಾಡಿನ ನಡುಗಂಬ ಪೂರ್ತಿ ಮೇಲಿತ್ತು. ಅದನ್ನ ಇಳಿಸಿ, ಮೂರೂ ಕಾಲು ಅಗಲಿಸಿದೆ. ಕೆಳಗಿನ ಕೊಕ್ಕೆಗೆ ಬ್ಯಾಗ್ ನೇತುಹಾಕಿದೆ. ಅದು ತೊಟ್ಟಿಲ ಹಾಗೆ ತೂಗಿ, ಮೊದಲಿಗಿಂತ ಹಾಳಾಯ್ತು. ಒಬ್ಬ ಹುಡುಗ 'ಸಾರ್, ನೆಲಕ್ಕೆ ತಾಗಿಸಿ' ಅಂದ. ಹಗ್ಗ ಉದ್ದ ಮಾಡಿ, ಬ್ಯಾಗಿನ ತಳ ಬಂಡೆಗೆ ಒರಗುವಂತೆ ಬಿಟ್ಟೆ. ತೂಗಾಟ ನಿಂತಿತು.

ಪಟಪಟ ಬಡಿಯುತ್ತಿದ್ದ ಕ್ಯಾಮೆರಾ ಪಟ್ಟಿಯನ್ನೂ ಬಿಚ್ಚಿದೆ. ಲೆನ್ಸಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿದೂಗಿಸೋ ವ್ಯವಸ್ಥೆ) ಆಫ್, 2 ಸೆಕೆಂಡ್ ಟೈಮರ್ ಆನ್. ಐಎಸ್‌ಒ, ಅಂದ್ರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 100ರಿಂದ 800ಕ್ಕೆ ಏರಿಸಿದ್ದಕ್ಕೆ ಶಟರ್ 1/15 ಸೆಕೆಂಡ್‌ಗೆ ಬಂತು. ಮೋಡದ ನುಣುಪು ಸ್ವಲ್ಪ ಹೋಯ್ತು, ಹೋಗಲಿ. ಗಾಳಿ ಉಸಿರು ಹಿಡಿದಾಗಷ್ಟೇ ಒತ್ತಿದೆ. ಹತ್ತರಲ್ಲಿ ಏಳು ಫೋಟೊದಲ್ಲಿ ಬಂಡೆಯ ಬಿರುಕು ಎಣಿಸಬಹುದು.