ಟ್ಯಾಂಕರ್ ಬಂದರೆ ಎಲ್ಲರೂ ಕೆಳಗಿಳಿಯಬೇಕು: ಹಲವು ಕಥೆಗಳ ಒಂದು ಸಿನಿಮಾ ಬರೆದದ್ದು

ಮಹಾನಗರದಲ್ಲಿ ಮನಸ್ಸುಗಳು ಹೇಗೆ ದೂರವಾಗುತ್ತವೆ ಅಂತ ಬರೆಯಲು ಮಹಾನಗರದಲ್ಲೇ ಇರಬೇಕೆಂದಿಲ್ಲ. ನಮ್ಮ ಕಲಬುರಗಿಯ ಓಣಿಗಳಲ್ಲಿ ಬೆಂಗಳೂರಿಗೋ ಪುಣೆಗೋ ಮುಂಬೈಗೋ ಒಬ್ಬರನ್ನಾದರೂ ಕಳಿಸದ ಮನೆ ಸಿಗುವುದು ಕಷ್ಟ. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಮಗನನ್ನು ಹತ್ತಿಸಿ ಬಂದ ತಾಯಿ ಆಮೇಲೆ ಫೋನಿನಲ್ಲಿ ‘ಉಂಡೇನಪಾ? ಏನ್ ಉಂಡಿ?’ ಅನ್ನುವುದರಾಚೆ ಹೆಚ್ಚೇನೂ ಕೇಳುವುದಿಲ್ಲ. ಆದರೆ ಉತ್ತರ ಬರುವ ದನಿಯಲ್ಲೇ ಅಲ್ಲಿ ಗಂಡ-ಹೆಂಡತಿ ಮಾತಾಡಿಕೊಂಡಿದ್ದಾರೋ ಇಲ್ಲವೋ ಆಕೆಗೆ ತಿಳಿದುಬಿಡುತ್ತದೆ. ನನ್ನ ಚಿತ್ರಕಥೆ ಹುಟ್ಟಿದ್ದು ಇಂಥ ಮಾತುಗಳನ್ನು ಕೇಳುತ್ತ.

ಒಬ್ಬ ನಾಯಕ, ಒಬ್ಬ ನಾಯಕಿಯನ್ನು ಇಟ್ಟುಕೊಂಡು ಇದನ್ನು ಹೇಳಲು ನನಗೆ ಮನಸ್ಸಾಗಲಿಲ್ಲ. ಒಂದೇ ಜೋಡಿಯ ಜಗಳ ತೋರಿಸಿದರೆ ನೋಡುವವರು ತಪ್ಪು ಯಾರದೆಂದು ಪಂಚಾಯ್ತಿಗೆ ಕೂಡುತ್ತಾರೆ. ನಾಲ್ಕು ಮನೆಗಳಲ್ಲಿ ಒಂದೇ ಬಗೆಯ ಬಿರುಕು ಕಂಡರೆ ಮಾತ್ರ ಆ ಊರು ಇವರಿಗೆ ಎಷ್ಟು ಜಾಗ ಕೊಟ್ಟಿದೆ, ಎಷ್ಟು ವೇಳೆ ಕೊಟ್ಟಿದೆ ಎಂಬ ಪ್ರಶ್ನೆ ಏಳುತ್ತದೆ. ನನಗೆ ಕೇಳಬೇಕಿದ್ದದ್ದು ಆ ಪ್ರಶ್ನೆಯೇ.

ಹಲವು ಕಥೆ ಅಂದ ಕೂಡಲೇ ಕನ್ನಡದವರಿಗೆ ನೆನಪಾಗುವುದು ಪುಟ್ಟಣ್ಣ ಕಣಗಾಲರ ‘ಕಥಾಸಂಗಮ’ (1976). ಅಲ್ಲಿ ಮೂರು ಕಥೆಗಳು ಒಂದಾದ ಮೇಲೊಂದು ಬರುತ್ತವೆ. ನನಗೆ ಬೇಕಿದ್ದದ್ದು ಒಂದರೊಳಗೊಂದು ಹೆಣೆದುಕೊಳ್ಳುವ ಕಥೆ. ಅದಕ್ಕೇ ಅನುರಾಗ್ ಬಸು ಅವರ ಹಿಂದಿ ಚಿತ್ರ ‘ಲೈಫ್ ಇನ್ ಎ ಮೆಟ್ರೋ’ (2007) ಮತ್ತೆ ಮತ್ತೆ ನೋಡಿದೆ. ಮುಂಬೈಯಂಥ ಊರಿನಲ್ಲಿ ಇಬ್ಬರು ಕೂಡಲು ಜಾಗವಿಲ್ಲ. ಆ ಚಿತ್ರದಲ್ಲಿ ಕಾಲ್ ಸೆಂಟರಿನ ಹುಡುಗನೊಬ್ಬ ಬಡ್ತಿಯ ಆಸೆಗೆ ತನ್ನ ಫ್ಲ್ಯಾಟಿನ ಕೀಲಿಕೈಯನ್ನು ಮೇಲಿನವರಿಗೆ ಕೊಡುತ್ತಾನೆ. ಹಾಲಿವುಡ್ ನಿರ್ದೇಶಕ ಬಿಲ್ಲಿ ವೈಲ್ಡರ್ 1960ರಲ್ಲೇ ‘ದಿ ಅಪಾರ್ಟ್‌ಮೆಂಟ್’ ಎಂಬ ನ್ಯೂಯಾರ್ಕಿನ ಕಥೆಯಲ್ಲಿ ಈ ಕೀಲಿಕೈಯನ್ನು ಬಳಸಿಕೊಂಡಿದ್ದರು. ಇನ್ನೊಬ್ಬ ಅಮೆರಿಕನ್ ನಿರ್ದೇಶಕ ರಾಬರ್ಟ್ ಆಲ್ಟ್‌ಮನ್ ಹಲವು ಕಥೆಗಳ ‘ಶಾರ್ಟ್ ಕಟ್ಸ್’ನಲ್ಲಿ (1993) ಲಾಸ್ ಏಂಜಲೀಸಿನ ಅಷ್ಟೂ ಮನೆಗಳನ್ನು ಕೊನೆಗೆ ಒಂದು ಭೂಕಂಪದಿಂದ ಅಲುಗಿಸುತ್ತಾರೆ. ನನ್ನ ಮಟ್ಟಿಗೆ ಭೂಕಂಪಕ್ಕಿಂತ ಕೀಲಿಕೈ ಮೇಲು. ಎಲ್ಲರಿಗೂ ಬೇಕಾದ, ಯಾರಿಗೂ ಸಾಲದ ಒಂದು ವಸ್ತು ಸಿಕ್ಕರೆ ಪಾತ್ರಗಳು ತಾವಾಗಿಯೇ ಒಬ್ಬರ ದಾರಿಗೆ ಒಬ್ಬರು ಬರುತ್ತಾರೆ.

ನನಗೆ ಆ ವಸ್ತು ಸಿಕ್ಕಿದ್ದು ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬೋರ್‌ವೆಲ್ ಬತ್ತಿದವು; ಸುಮಾರು 100 ಕಿಲೋಮೀಟರ್ ದೂರದಿಂದ ಬರುವ ಕಾವೇರಿ ನೀರು ಮುಟ್ಟದ ಬಡಾವಣೆಗಳು ಟ್ಯಾಂಕರ್ ನೆಚ್ಚಿ ಕೂತವು. ನನ್ನ ಕಥೆ ಅಂಥ ಒಂದು ಅಪಾರ್ಟ್‌ಮೆಂಟಿನಲ್ಲಿ, ಅದರ ಗೋಡೆಯಾಚೆಯ ತಗಡಿನ ಶೆಡ್ಡುಗಳಲ್ಲಿ ನಡೆಯುತ್ತದೆ. ಮೇಲೆ ಬೇರೆ ಬೇರೆ ಪಾಳಿಯಲ್ಲಿ ದುಡಿಯುವ ಗಂಡ-ಹೆಂಡತಿ, ಮೊಮ್ಮಗನನ್ನು ನೋಡಿಕೊಳ್ಳಲು ಆಳಂದದಿಂದ ಬಂದ ಆಯಿ. ಅದೇ ಕಟ್ಟಡದಲ್ಲಿ ಹೊಲದ ಪಾಲಿನ ಸಲುವಾಗಿ ಮಾತು ಬಿಟ್ಟ ಅಣ್ಣ-ತಂಗಿ. ಶೆಡ್ಡಿನಲ್ಲಿ ಯಾದಗಿರಿ ಕಡೆಯಿಂದ ಗುಳೆ ಬಂದ ಗಾರೆ ಕೆಲಸದ ದಂಪತಿ. ಟ್ಯಾಂಕರಿಗೆ ಫೋನ್ ಮಾಡುವವರು ಒಬ್ಬರು, ರೊಕ್ಕ ಕೊಡುವವರು ಇನ್ನೊಬ್ಬರು, ಪೈಪಿನಿಂದ ಸೋರಿದ್ದಕ್ಕೆ ಕೊಡ ಹಿಡಿಯುವವರು ಮತ್ತೊಬ್ಬರು. ಹೀಗೆ ಎಲ್ಲರೂ ಒಂದೇ ಅಂಗಳದಲ್ಲಿ ನಿಲ್ಲುತ್ತಾರೆ, ಪರಿಚಯ ಬೇಕಿಲ್ಲ.

ಸಂಭಾಷಣೆಗೆ ಕೈ ಹಾಕುವ ಮೊದಲು ದೊಡ್ಡ ಹಾಳೆಯ ಮೇಲೆ ಒಂದು ದಿನದ ವೇಳೆ ಬರೆದೆ. ಅಡ್ಡಕ್ಕೆ ನಸುಕಿನ ನಾಲ್ಕರಿಂದ ನಡುರಾತ್ರಿವರೆಗಿನ ತಾಸುಗಳು, ಉದ್ದಕ್ಕೆ ಪಾತ್ರಗಳು. ಯಾರು ಯಾವಾಗ ಮನೆಯಲ್ಲಿರುತ್ತಾರೆ ಎಂದು ಬಣ್ಣ ತುಂಬುತ್ತ ಹೋದೆ. ಗಂಡ-ಹೆಂಡತಿ ಇಬ್ಬರೂ ಎಚ್ಚರವಾಗಿ ಒಂದೇ ಸೂರಿನಡಿ ಇರುವುದು ಬೆಳಿಗ್ಗೆ ನಲವತ್ತು ನಿಮಿಷ ಮಾತ್ರ ಎಂದು ಹಾಳೆಯೇ ತೋರಿಸಿತು. ಅದರಲ್ಲೇ ಹಾಲು, ಮಗುವಿನ ಶಾಲೆ, ಟ್ಯಾಂಕರ್, ಆಯಿಯ ಗುಳಿಗೆ. ಅವರ ದಾಂಪತ್ಯದ ಬಹುಪಾಲು ದೃಶ್ಯಗಳನ್ನು ಆ ನಲವತ್ತು ನಿಮಿಷದೊಳಗೇ ಬರೆದೆ. ಹಲವು ಪಾತ್ರಗಳ ಕಥೆ ಬರೆಯಹೊರಟವರಿಗೆ ನಾನು ಮೊದಲು ಹೇಳುವುದು ಈ ಹಾಳೆಯ ವಿಷಯ.

ಇಡೀ ಚಿತ್ರದಲ್ಲಿ ನನಗೆ ಹೆಚ್ಚು ಪ್ರೀತಿಯ ದೃಶ್ಯ ರೊಟ್ಟಿಯದು. ಆಯಿ ನಸುಕಿನಲ್ಲೇ ಎದ್ದು ಜೋಳದ ರೊಟ್ಟಿ ಬಡಿಯುತ್ತಾಳೆ. ರಾತ್ರಿ ಪಾಳಿ ಮುಗಿಸಿ ಬಂದ ಸೊಸೆ ಆಗಷ್ಟೇ ಮಲಗಿರುತ್ತಾಳೆ. ಕೆಳಮನೆಯವರು ಇಂಟರ್‌ಕಾಮಿನಲ್ಲಿ ದೂರುತ್ತಾರೆ. ಮಗ ಬಂದು, ‘ಅವ್ವಾ, ಇಲ್ಲಿ ಹಂಗ ಬಡೀಬ್ಯಾಡ, ಕೆಳಗಿನ ಮಂದಿಗಿ ತ್ರಾಸ ಆಗ್ತದ’ ಅನ್ನುತ್ತಾನೆ. ಆಕೆ ಎದುರಾಡುವುದಿಲ್ಲ. ಮರುದಿನ ತಾನೇ ಹೊಲಿದು ತಂದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಮಣೆಯ ಕೆಳಗೆ ಹಾಸುತ್ತಾಳೆ. ಸದ್ದು ಅಡಗುತ್ತದೆ, ಆದರೆ ಮಣೆ ಜಾರುತ್ತದೆ, ರೊಟ್ಟಿಯ ಅಂಚು ಹರಿಯುತ್ತದೆ. ನೀರು ಕುಡಿಯಲು ಎದ್ದ ಸೊಸೆ ನೋಡಿ ಇನ್ನೊಂದು ಕೈಯಿಂದ ಮಣೆ ಹಿಡಿಯುತ್ತಾಳೆ, ‘ಬಡೀರಿ ಅತ್ತಿ’ ಅಂದು. ಅಲ್ಲಿವರೆಗೆ ಈ ಇಬ್ಬರೂ ನೆಟ್ಟಗೆ ಮಾತಾಡಿರುವುದಿಲ್ಲ. ಇಲ್ಲಿ ಒಂದು ಉದ್ದ ಮಾತು ಬರೆದಿದ್ದರೆ ದೃಶ್ಯವೇ ಸತ್ತುಹೋಗುತ್ತಿತ್ತು.

ಮಾತಿನ ಬಗ್ಗೆ ನಾನು ಬಹಳ ಹಟ ಹಿಡಿದೆ. ಮಗ ಆಫೀಸಿನ ಫೋನಿನಲ್ಲಿ ‘ಬರ್ತಾ ಇದೀನಿ ಸಾರ್’ ಅನ್ನುತ್ತಾನೆ, ತಾಯಿಗೆ ‘ಬರ್ಲಾಕತ್ತೀನಿ’ ಅನ್ನುತ್ತಾನೆ. ಹೆಂಡತಿಯೊಂದಿಗೆ ಸಿಟ್ಟು ಬಂದಾಗ ಬೆಂಗಳೂರಿನ ಮಾತು, ಕರಗಿದಾಗ ನಮ್ಮ ಕಡೆಯದು. ಟ್ಯಾಂಕರ್ ಓಡಿಸುವವನು ದಖನಿ ಉರ್ದು ಮಾತಾಡುವ ನಮ್ಮ ಜಿಲ್ಲೆಯ ಹುಡುಗ; ಆಯಿಗೆ ಆ ಕಟ್ಟಡದಲ್ಲಿ ಮನಬಿಚ್ಚಿ ಮಾತಾಡಲು ಸಿಗುವವನು ಅವನೊಬ್ಬನೇ. ಕಲಬುರಗಿಯ ರಂಗಭೂಮಿಯ ಕಲಾವಿದರನ್ನೇ ಪಾತ್ರಗಳಿಗೆ ಆರಿಸಿದ್ದರಿಂದ ನಾಲಿಗೆ ತಿದ್ದುವ ಕೆಲಸ ಬೀಳಲಿಲ್ಲ. ದನಿ ತಗ್ಗಿಸುವುದಕ್ಕೆ ಮಾತ್ರ ದಿನಗಟ್ಟಲೆ ಕೂತೆವು. ಕೊನೆಯ ಸಾಲಿನವರಿಗೆ ಕೇಳಿಸುವಂತೆ ನುಡಿದು ರೂಢಿಯಾದವರು ಅವರು.

ರೊಕ್ಕ ಕಡಿಮೆಯಿದ್ದುದರಿಂದ ಮನೆಯೊಳಗಿನ ದೃಶ್ಯಗಳನ್ನೆಲ್ಲ ಕಲಬುರಗಿಯಲ್ಲೇ ಚಿತ್ರೀಕರಿಸಿದೆವು. ಬೀದಿ, ಬಸ್ಸು, ಟ್ಯಾಂಕರಿನ ಅಂಗಳಕ್ಕಷ್ಟೇ ಬೆಂಗಳೂರು. ಮೊದಲು ನೋಡಿದ್ದು ನೆಲ. ಶಹಾಬಾದಿ ಕಲ್ಲಿನ ಫರಸಿ ಹಾಸಿದ್ದ ಮನೆಗಳನ್ನೆಲ್ಲ ಕೈಬಿಟ್ಟೆವು; ಅದು ಕಂಡ ಕೂಡಲೇ ನಮ್ಮ ಊರು ಅಂತ ಗೊತ್ತಾಗುತ್ತದೆ. ಕಿಟಕಿಯಲ್ಲಿ ಕೂಲರ್ ಕಾಣಬಾರದು, ಪಕ್ಕದ ಮನೆಯ ಕೂಲರಿನ ಸದ್ದೂ ಕೇಳಬಾರದು. ಹಾಗಾಗಿ ಚಳಿಗಾಲವನ್ನೇ ಹಿಡಿದೆವು. ತೊಗರಿ ರಾಶಿಯ ಹೊತ್ತು ಅದು. ಕೆಲವು ಕಲಾವಿದರು ಹೊಲಕ್ಕೂ ಹೋಗಬೇಕಿತ್ತು, ಅವರ ದೃಶ್ಯಗಳನ್ನು ಸಂಜೆಗೆ ತಳ್ಳಿದೆವು. ಮಧ್ಯಾಹ್ನದ ಬಿಸಿಲು ಇಲ್ಲಿ ಚಳಿಗಾಲದಲ್ಲೂ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಅದನ್ನು ಬೆಂಗಳೂರಿನ ಮಂಕು ಬೆಳಕಿಗೆ ಇಳಿಸಿದೆವು.

ಸಂಕಲನದಲ್ಲಿ ನಾನು ಕಾಯ್ದುಕೊಂಡದ್ದು ಒಂದೇ ನೇಮ: ಒಂದು ಮನೆಯಿಂದ ಇನ್ನೊಂದಕ್ಕೆ ದಾಟುವಾಗ ಸದ್ದು ಮುಂದೆ ಹೋಗಬೇಕು, ಚಿತ್ರ ಹಿಂದೆ ಬರಬೇಕು. ಶೆಡ್ಡಿನ ಕೊಡ ಉರುಳಿದ ಸದ್ದು ಮೇಲಿನ ಫ್ಲ್ಯಾಟಿನಲ್ಲಿ ಕೇಳಿದರೆ ಸಾಕು, ಎರಡೂ ಮನೆ ಎಷ್ಟು ಹತ್ತಿರ ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಯಲ್ಲಿ ಎಲ್ಲರನ್ನೂ ಒಂದೆಡೆ ಸೇರಿಸಿ ರಾಜಿ ಮಾಡಿಸಬೇಕೆಂದು ತಂಡದಲ್ಲಿ ದೊಡ್ಡ ವಾದವೇ ಆಯಿತು. ನಾನು ಒಪ್ಪಲಿಲ್ಲ. ಅಣ್ಣ-ತಂಗಿಯ ಪಾಲಿನ ಕಾಗದಕ್ಕೆ ಸಹಿ ಬೀಳುತ್ತದೆ, ಮಾತು ಮಾತ್ರ ಮರಳುವುದಿಲ್ಲ. ಗಾರೆ ಕೆಲಸದ ದಂಪತಿ ಇನ್ನೊಂದು ಕಟ್ಟಡಕ್ಕೆ ಹೋಗುತ್ತಾರೆ. ಮೇಲಿನ ಮನೆಯ ಸೊಸೆ ಹಗಲು ಪಾಳಿಗೆ ಅರ್ಜಿ ಕೊಡುತ್ತಾಳೆ. ಅದು ಮಂಜೂರಾಯಿತೋ ಇಲ್ಲವೋ ಎಂದು ಚಿತ್ರದಲ್ಲಿಲ್ಲ.